ಲಗ್ನಪತ್ರಿಕೆಗಳ ನಡುವೆ ಉಬುಂಟು 24.04ರ ಬೀಟಾ: ಹಾಕಿಕೊಳ್ಳುವುದೋ, ಕಾಯುವುದೋ?

ಅಚ್ಚುಮೊಳೆ, ತೀರ್ಥಹಳ್ಳಿ | 12 ಏಪ್ರಿಲ್ 2024

ಬಳಗದವರೆಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಹಕಾರ ಸಂಘಗಳ ವಾರ್ಷಿಕ ವರದಿ, ಬಿಲ್ ಪುಸ್ತಕ, ಇವೇ ನನ್ನ ಜೀವನ. ಅಂಗಡಿಯಲ್ಲಿರುವುದು ಎರಡು ಕಂಪ್ಯೂಟರು. ಹಳೆಯದರಲ್ಲಿ ವಿಂಡೋಸ್ 10, ಪೇಜ್‌ಮೇಕರ್ ಮತ್ತು ಯೂನಿಕೋಡಿಗೆ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಮುಂಚಿನ ಕಾಲದ ಕನ್ನಡ ಫಾಂಟುಗಳಿವೆ. ಹಳೆಯ ಗಿರಾಕಿಗಳ ಮ್ಯಾಟರ್ ಎಲ್ಲ ಅಲ್ಲೇ ಇರುವುದರಿಂದ ನಾನು ಅದರ ತಂಟೆಗೆ ಹೋಗುವುದಿಲ್ಲ. ಎರಡನೆಯದರಲ್ಲಿ ಉಬುಂಟು 22.04 (ವಿಂಡೋಸಿನ ಬದಲು ಬಳಸುವ ಉಚಿತ ಕಾರ್ಯಾಚರಣೆ ವ್ಯವಸ್ಥೆ) ಹಾಕಿಕೊಂಡು ಎರಡು ವರ್ಷವಾಗುತ್ತ ಬಂತು. ಹೊಸ ಕೆಲಸವೆಲ್ಲ ಯೂನಿಕೋಡಿನಲ್ಲಿ, ಪುಟ ಕೂಡಿಸುವ ಸ್ಕ್ರೈಬಸ್ ಮತ್ತು ಲಿಬ್ರೆ ಆಫೀಸ್ ಬಳಸಿ, ಈ ಎರಡನೆಯ ಯಂತ್ರದ ಮೇಲೆಯೇ ನಡೆಯುತ್ತದೆ.

ನನ್ನ ಪ್ರಶ್ನೆ ಈ ಎರಡನೆಯ ಯಂತ್ರದ್ದು. ಉಬುಂಟು 24.04ರ ಬೀಟಾ, ಎಂದರೆ ಅಂತಿಮಕ್ಕೆ ಮುಂಚಿನ ಪರೀಕ್ಷಾ ಆವೃತ್ತಿ, ನಿನ್ನೆ ಬಿಡುಗಡೆಯಾಗಿದೆ. ಅದು ಒಂದು ವಾರ ತಡವಾಗಿ ಬಂದರೂ ಅಂತಿಮ ಆವೃತ್ತಿ ಮೊದಲು ಹೇಳಿದಂತೆ ಏಪ್ರಿಲ್ 25ಕ್ಕೇ ಬರುತ್ತದೆ ಎಂದಿದ್ದಾರೆ. ಶಿವಮೊಗ್ಗದಲ್ಲಿ ಓದುತ್ತಿರುವ ಅಕ್ಕನ ಮಗ ರಾತ್ರಿಯೇ ಅದನ್ನು ಇಳಿಸಿಕೊಂಡು, ಬೆಳಗಿನ ಬಸ್ಸಿಗೆ ಬಂದವನು ಪೆನ್‌ಡ್ರೈವನ್ನು ಕೈಗಿತ್ತಿದ್ದಾನೆ. ಆರು ಜಿಬಿಯ ಹತ್ತಿರದ ಕಡತವದು. ಅಂಗಡಿಯ ಮೊಬೈಲ್ ಡಾಟಾದಲ್ಲಿ ಇಳಿಸಹೊರಟಿದ್ದರೆ ನಾಲ್ಕು ದಿನ ಹಿಡಿಯುತ್ತಿತ್ತು. ಸ್ಕ್ರೈಬಸ್ 1.6 ಈ ವರ್ಷದ ಮೊದಲ ದಿನವೇ ಬಂದಿದೆ, ನನ್ನಲ್ಲಿರುವುದು 1.5ರ ಸರಣಿಯದು. ಹೊಸ ಉಬುಂಟು ಹಾಕಿಕೊಂಡರೆ ಅದೂ ಜೊತೆಗೇ ಬರುತ್ತದೆ ಎಂಬುದೇ ನನ್ನ ಆಸೆ.

ಅಂಜಿಕೆ ಇರುವುದು ಪಂಚಾಂಗದ ಕಡೆಯಿಂದ. ಈ ತಿಂಗಳ ಕೊನೆಗೆ ಶುಕ್ರಾಸ್ತ, ಮೇ ತಿಂಗಳಲ್ಲಿ ಗುರುವೂ ಅಸ್ತ, ಹಾಗಾಗಿ ಮುಹೂರ್ತಗಳೆಲ್ಲ ಏಪ್ರಿಲ್‌ನಲ್ಲೇ ಒತ್ತೊತ್ತಾಗಿ ಬಂದಿವೆ. ಅದು ಮುಗಿಯುವಷ್ಟರಲ್ಲಿ ಮೇ 7ರ ಮತದಾನದ ಕರಪತ್ರಗಳು ಬರುತ್ತವೆ. ಅಂತಿಮ ಆವೃತ್ತಿಗೆ ಇನ್ನು ಹದಿಮೂರೇ ದಿನ ಇರುವಾಗ ಬೀಟಾ ಬಹುಪಾಲು ಪಕ್ವವಾಗಿಯೇ ಇರುತ್ತದಲ್ಲವೆ? ತಿಳಿದವರು ಹೇಳಬೇಕು.

ದುರ್ಗಿಗುಡಿ, ಶಿವಮೊಗ್ಗ | 12 ಏಪ್ರಿಲ್ 2024

ಅಚ್ಚುಮೊಳೆಯವರೆ, ಕೆಲಸದ ಯಂತ್ರದ ಮೇಲೆ ಈಗ ಬೇಡ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಬೀಟಾ ಎಂದರೆ ಕೆಟ್ಟದ್ದು ಎಂದು ಹೇಳುವುದು ನನ್ನ ಉದ್ದೇಶವಲ್ಲ.

ಹದಿಮೂರು ದಿನದಲ್ಲಿ ಪಕ್ವವಾಗುತ್ತದೆ ಎಂಬ ನಿಮ್ಮ ಲೆಕ್ಕ ಅರ್ಧ ಸರಿ. ಈ ಆವೃತ್ತಿಗೆ ಹೊಸ ಸೌಲಭ್ಯಗಳನ್ನು ಸೇರಿಸುವ ಬಾಗಿಲು ಫೆಬ್ರವರಿ 29ಕ್ಕೇ ಮುಚ್ಚಿದೆ. ಆಮೇಲೆ ನಡೆಯುವುದು ದೋಷ ತಿದ್ದುವ ಕೆಲಸ ಮಾತ್ರ. ಇಂದು ಬೀಟಾ ಹಾಕಿಕೊಂಡವರು ದಿನವೂ ಅಪ್‌ಡೇಟ್ ಮಾಡುತ್ತ ಹೋದರೆ 25ರಂದು ತಾನಾಗಿಯೇ ಅಂತಿಮ ಆವೃತ್ತಿಗೆ ತಲುಪಿರುತ್ತಾರೆ, ಮತ್ತೆ ಹೊಸದಾಗಿ ಹಾಕಬೇಕಿಲ್ಲ. ವಿಂಡೋಸಿನ ಹೊಸ ಆವೃತ್ತಿಗಳನ್ನು ಮುಂಚೆಯೇ ಪರೀಕ್ಷಿಸುವ ಇನ್‌ಸೈಡರ್ ಯೋಜನೆಯಲ್ಲಿ ಹೀಗಲ್ಲ. ಅಲ್ಲಿ ಕೆನರಿ ಅಥವಾ ಡೆವ್ ವಾಹಿನಿಗೆ ಸೇರಿದವರು ಹೊರಬರಬೇಕಾದರೆ ಸಾಮಾನ್ಯವಾಗಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿಕೊಳ್ಳಬೇಕಾಗುತ್ತದೆ.

ಆದರೆ ಮುಂದೆ ಹೋಗುವ ದಾರಿ ಸಲೀಸಾಗಿದೆ ಎಂದ ಮಾತ್ರಕ್ಕೆ ಹಿಂದೆ ಬರುವ ದಾರಿ ಇದೆ ಎಂದಾಗುವುದಿಲ್ಲ. 22.04ರಿಂದ 24.04ಕ್ಕೆ ಏರಿಸಿದ ಮೇಲೆ ಇಳಿಸುವ ಗುಂಡಿ ಉಬುಂಟುವಿನಲ್ಲಿ ಇಲ್ಲ. ಸರಿಬರದಿದ್ದರೆ ಕಡತಗಳನ್ನೆಲ್ಲ ಬೇರೆಡೆಗೆ ಸಾಗಿಸಿ, 22.04 ಮತ್ತೆ ಹಾಕಿ, ಫಾಂಟು, ಪ್ರಿಂಟರು, ಕೀಲಿಮಣೆಯ ವಿನ್ಯಾಸ ಎಲ್ಲವನ್ನೂ ಮತ್ತೆ ಕೂರಿಸಬೇಕು. ಅದಕ್ಕೆ ನಿಮಗೆ ಒಂದೂವರೆ ದಿನವಾದರೂ ಬೇಕು. ಈ ತಿಂಗಳಲ್ಲಿ ಯಾವ ಒಂದೂವರೆ ದಿನ ಅಂಗಡಿಯ ಯಂತ್ರ ನಿಂತರೂ ನಡೆಯುತ್ತದೆ ಎಂದು ನೀವೇ ಕ್ಯಾಲೆಂಡರ್ ನೋಡಿ ಹೇಳಿ. ಅಂಥ ದಿನ ಸಿಗದಿದ್ದರೆ ಅದೇ ಉತ್ತರ. ಅಷ್ಟಕ್ಕೂ 22.04ಕ್ಕೆ 2027ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿಗಳು ಬರುತ್ತವೆ. ನಿಮ್ಮನ್ನು ಯಾರೂ ಓಡಿಸುತ್ತಿಲ್ಲ.

ವಾರ ತಡವಾದದ್ದರ ಕಾರಣವನ್ನೂ ಹೇಳಬೇಕು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳತನದಿಂದ ಒಳನುಗ್ಗುವ ಹಿಂಬಾಗಿಲೊಂದನ್ನು ಹುದುಗಿಸಿಟ್ಟಿದ್ದು ಮಾರ್ಚ್ 29ರಂದು ಹೊರಬಿತ್ತು. ಅದು ಉಬುಂಟುವಿನಂಥ ಬೇರೆ ವ್ಯವಸ್ಥೆಗಳಿಗೆ, ಎಂದರೆ ಡೆಬಿಯನ್ನಿನ ಅಸ್ಥಿರ ಮತ್ತು ಪರೀಕ್ಷಾ ಶಾಖೆಗಳಿಗೆ, ಓಪನ್‌ಸೂಸೆಯ ಟಂಬಲ್‌ವೀಡಿಗೆ, ಫೆಡೋರಾದ ಪರೀಕ್ಷಾ ಆವೃತ್ತಿಗಳಿಗೆ ಆಗಲೇ ನುಸುಳಿತ್ತು. ಉಬುಂಟುವಿನಲ್ಲಿ ಅದು 24.04ರ ಪ್ರಸ್ತಾವಿತ ಪ್ಯಾಕೇಜುಗಳ (ತಂತ್ರಾಂಶದ ಕಟ್ಟುಗಳ) ಕಂತಿನಲ್ಲಿ ಕೂತಿತ್ತೇ ಹೊರತು ಮುಖ್ಯ ಭಂಡಾರಕ್ಕೆ ಇಳಿದಿರಲಿಲ್ಲ. ಆದರೂ ಆ ಅವಧಿಯಲ್ಲಿ ಕಟ್ಟಿದ ಪ್ಯಾಕೇಜುಗಳನ್ನೆಲ್ಲ ಎಸೆದು ಹೊಸದಾಗಿ ಕಟ್ಟಲು ತೀರ್ಮಾನಿಸಿದ್ದರಿಂದ ಬೀಟಾ ಏಪ್ರಿಲ್ 4ರಿಂದ 11ಕ್ಕೆ ಹೋಯಿತು. ಸ್ಥಿರ ಆವೃತ್ತಿಗಳಲ್ಲಿ ಇದ್ದವರಿಗೆ ಇದರ ಬಿಸಿ ತಟ್ಟಲೇ ಇಲ್ಲ. ಹೊಸದನ್ನು ಮೊದಲು ಉಣ್ಣುವವರೇ ಅದರಲ್ಲಿ ಬೆರೆತ ವಿಷವನ್ನೂ ಮೊದಲು ಉಣ್ಣುತ್ತಾರೆ.

ಹಾಳೆಟೋಪಿ, ಕೊಪ್ಪ | 13 ಏಪ್ರಿಲ್ 2024

ನಾನು ತೆರಿಗೆ ಲೆಕ್ಕ ಬರೆಯುವವನು. ದುರ್ಗಿಗುಡಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಹಿಂದೊಮ್ಮೆ ಪ್ರಯೋಗದ ಆವೃತ್ತಿಯೊಂದನ್ನು ಕಚೇರಿಯ ಲ್ಯಾಪ್‌ಟಾಪಿಗೆ ಹಾಕಿ, ಡಿಜಿಟಲ್ ಸಹಿಯ ಟೋಕನ್ನನ್ನು ಅದು ಗುರುತಿಸದೆ, ತಿಂಗಳ 19ನೆಯ ತಾರೀಖಿನ ರಾತ್ರಿ ಹನ್ನೊಂದಕ್ಕೆ ಶೃಂಗೇರಿಯ ಸ್ನೇಹಿತರ ಮನೆಬಾಗಿಲು ತಟ್ಟಿದ್ದೇನೆ. ಜಿಎಸ್‌ಟಿ ರಿಟರ್ನಿಗೆ 20ನೆಯ ತಾರೀಖು ಎಂದರೆ 20ನೆಯ ತಾರೀಖೇ. ನನ್ನ ಡ್ರೈವರ್ ಇನ್ನೂ ಬೀಟಾ ಎಂದರೆ ಯಾರೂ ಕೇಳುವುದಿಲ್ಲ.

ಇನ್ನೊಂದು ಸಂಗತಿ. ಬೀಟಾ ಬಳಸುವವರಿದ್ದರೆ ಅಂತಿಮ ಆವೃತ್ತಿ ಶುದ್ಧವಾಗಿಯೇ ಬರುತ್ತದೆ ಎಂದು ನಂಬುವವರು ವಿಂಡೋಸ್ 10ರ 1809ನೆಯ ಆವೃತ್ತಿಯನ್ನು ನೆನಪಿಸಿಕೊಳ್ಳಬೇಕು. 2018ರ ಅಕ್ಟೋಬರ್ 2ರಂದು ಬಂದ ಅದು ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಕಡತಗಳನ್ನೇ ಅಳಿಸಿಹಾಕಿತು. ಫೋಲ್ಡರನ್ನು ಬೇರೆ ಡ್ರೈವಿಗೆ ತಿರುಗಿಸಿಕೊಂಡಿದ್ದವರ ಹಳೆಯ ಜಾಗ ಖಾಲಿಯೆಂದು ತಿಳಿದು ಅದನ್ನು ತೆಗೆದುಹಾಕುತ್ತಿತ್ತು. ಕಡತಗಳು ಅಲ್ಲೇ ಉಳಿದಿದ್ದವರದ್ದೆಲ್ಲ ಹೋಯಿತು. ಕೆಲವೇ ದಿನದಲ್ಲಿ ವಿತರಣೆ ನಿಲ್ಲಿಸಿ, ತಿದ್ದಿ, ನವೆಂಬರ್ 13ಕ್ಕೆ ಮತ್ತೆ ಬಿಟ್ಟರು. ವಿಚಿತ್ರವೆಂದರೆ ಬೀಟಾ ಬಳಸುತ್ತಿದ್ದ ಕೆಲವರು ಕಡತ ಹೋದದ್ದನ್ನು ಮೊದಲೇ ವರದಿ ಮಾಡಿದ್ದರು. ಆ ವರದಿಗಳಿಗೆ ಬಿದ್ದ ಮತಗಳು ಕಡಿಮೆಯಿದ್ದದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಕುಂಭದ್ರೋಣ, ಹೊಸನಗರ | 13 ಏಪ್ರಿಲ್ 2024

ನಾನು ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ಫೆಬ್ರವರಿ ಕೊನೆಯಿಂದ 24.04ರ ದಿನದಿನದ ಆವೃತ್ತಿಯನ್ನೇ ನನ್ನ ಲ್ಯಾಪ್‌ಟಾಪಿನಲ್ಲಿ ಬಳಸುತ್ತಿದ್ದೇನೆ, ಆದ್ದರಿಂದ ಕಂಡದ್ದನ್ನು ಹೇಳುತ್ತೇನೆ.

ಮಾರ್ಚ್ ತಿಂಗಳು ಕಷ್ಟದ್ದಾಗಿತ್ತು. 32 ಬಿಟ್‌ನಲ್ಲಿ ಸಮಯ ಎಣಿಸುವ ವ್ಯವಸ್ಥೆ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದಲ್ಲ, ಅದನ್ನು 64 ಬಿಟ್‌ಗೆ ಬದಲಿಸುವ ಕೆಲಸ ಡೆಬಿಯನ್ ಮತ್ತು ಉಬುಂಟು ಎರಡರಲ್ಲೂ ಆಗಲೇ ನಡೆಯಿತು. ನೂರಾರು ಲೈಬ್ರರಿಗಳ ಹೆಸರಿನ ಕೊನೆಗೆ ಟಿ64 ಎಂಬ ಬಾಲ ಅಂಟಿಕೊಂಡು, ಒಂದನ್ನು ಅಪ್‌ಡೇಟ್ ಮಾಡಲು ಹೋದರೆ ಇಪ್ಪತ್ತನ್ನು ತೆಗೆದುಹಾಕುತ್ತೇನೆ ಎನ್ನುತ್ತಿತ್ತು. ಬೀಟಾ ಹೊತ್ತಿಗೆ ಅದು ತಣ್ಣಗಾಗಿದೆ. ಈಗ ಉಳಿದಿರುವ ತೊಂದರೆಗಳು ಸಣ್ಣವು, ಆದರೆ ನಿತ್ಯ ಎದುರಾಗುವಂಥವು: ಇಳಿಸಿಕೊಂಡ ಡೆಬ್ ಕಡತದ (ತಂತ್ರಾಂಶದ ಕಟ್ಟಿನ) ಮೇಲೆ ಎರಡು ಸಲ ಒತ್ತಿದರೆ ಹೊಸ ಆ್ಯಪ್ ಸೆಂಟರಿಗೆ ಅದನ್ನು ಹಾಕಲು ಬರುವುದಿಲ್ಲ, ಆದೇಶ ಟೈಪ್ ಮಾಡುವ ಟರ್ಮಿನಲ್ಲಿಗೆ ಹೋಗಬೇಕು, ಭದ್ರತೆಗಾಗಿ ಹೊಸದಾಗಿ ಬಿಗಿಗೊಳಿಸಿದ ನಿಯಮವೊಂದರಿಂದ ಕೆಲವು ಆ್ಯಪ್‌ಇಮೇಜ್‌ಗಳು (ಹಾಕದೆಯೇ ಓಡಿಸಬಹುದಾದ, ಒಂದೇ ಕಡತದ ತಂತ್ರಾಂಶಗಳು) ತೆರೆಯುವುದೇ ಇಲ್ಲ.

ಮಲೆನಾಡಿನವರು ನೆನಪಿಡಬೇಕಾದ ತೊಂದರೆ ಬೇರೆಯೇ ಇದೆ. ಬೀಟಾ ಎಂದರೆ ದಿನಕ್ಕೆ ನಾನೂರು ಐನೂರು ಎಂಬಿ ಅಪ್‌ಡೇಟ್. ಏಪ್ರಿಲ್ ಸಂಜೆ ನಾಲ್ಕಕ್ಕೆ ಗುಡುಗು ಶುರುವಾದರೆ ನಮ್ಮ ಮನೆಯಲ್ಲಿ ಮೊದಲು ಮೋಡೆಮ್ಮಿನ ಪ್ಲಗ್ ಕೀಳುತ್ತಾರೆ, ಆಮೇಲೆ ಬಟ್ಟೆ ಒಳಗೆ ತರುತ್ತಾರೆ. ಕಳೆದ ವಾರ ಪ್ಯಾಕೇಜುಗಳು ಬಿಚ್ಚಿಕೊಳ್ಳುತ್ತಿರುವಾಗಲೇ ಕರೆಂಟು ಹೋಯಿತು. ನನ್ನ ಬ್ಯಾಟರಿ ಹಳೆಯದು, ಐದು ನಿಮಿಷ ತಡೆಯುವುದಿಲ್ಲ. ಮತ್ತೆ ಆನ್ ಮಾಡಿದಾಗ ಪರದೆಯ ಬದಲು ಕಪ್ಪು ಸಾಲುಗಳು ಬಂದವು. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಮುಗಿಸುವ ಆದೇಶವನ್ನು ಟೈಪ್ ಮಾಡಿ ಸರಿಪಡಿಸಿಕೊಂಡೆ, ಆದರೆ ಅಂಗಡಿಯಲ್ಲಿ ಗಿರಾಕಿ ಎದುರು ಕೂತಿರುವಾಗ ಮಾಡುವ ಕೆಲಸ ಅದಲ್ಲ. ಶರಾವತಿಯ ನೀರಿನಿಂದ ನಾಡಿಗೆಲ್ಲ ಕರೆಂಟು ಕೊಟ್ಟ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯಬೇಕಾಗಿದೆ ಎಂಬುದು ಬೇರೆ ಮಾತು.

ಅಚ್ಚುಮೊಳೆ, ತೀರ್ಥಹಳ್ಳಿ | 13 ಏಪ್ರಿಲ್ 2024

ಎಲ್ಲರಿಗೂ ಧನ್ಯವಾದ. ಕ್ಯಾಲೆಂಡರ್ ನೋಡಿದೆ, ಒಂದೂವರೆ ದಿನ ಇರಲಿ, ಅರ್ಧ ದಿನವೂ ಖಾಲಿಯಿಲ್ಲ. ಹಾಗಾದರೆ ಸ್ಕ್ರೈಬಸ್ ಆಸೆಯನ್ನು ಬಿಡಬೇಕೆ? ಇನ್ನೊಂದು ಅನುಮಾನವೂ ಇದೆ. ನಮ್ಮಂಥವರು ಯಾರೂ ಬೀಟಾವನ್ನು ಮುಟ್ಟದಿದ್ದರೆ ಅಂತಿಮ ಆವೃತ್ತಿ ಬಂದ ದಿನ ನಮ್ಮ ಕೆಲಸಕ್ಕೆ ಅದು ಒಗ್ಗುತ್ತದೆ ಎಂದು ಹೇಳುವವರು ಯಾರು?

ದುರ್ಗಿಗುಡಿ, ಶಿವಮೊಗ್ಗ | 13 ಏಪ್ರಿಲ್ 2024

ಮೊದಲನೆಯದಕ್ಕೆ ಉತ್ತರ ಸುಲಭ. ಸ್ಕ್ರೈಬಸ್ಸಿನವರೇ 1.6ನ್ನು ಆ್ಯಪ್‌ಇಮೇಜ್ ರೂಪದಲ್ಲೂ ಕೊಡುತ್ತಾರೆ, ಫ್ಲ್ಯಾಟ್‌ಪ್ಯಾಕ್ ಎಂಬ ಇನ್ನೊಂದು ರೂಪದಲ್ಲೂ ಸಿಗುತ್ತದೆ. ನಿಮ್ಮ 22.04ರ ಮೇಲೆಯೇ ಅದನ್ನು ಪಕ್ಕದಲ್ಲಿಟ್ಟುಕೊಂಡು ಓಡಿಸಬಹುದು. ಬೇಡವೆನಿಸಿದರೆ ಆ ಒಂದು ಕಡತವನ್ನು ಅಳಿಸಿದರೆ ಮುಗಿಯಿತು. ಒಂದು ಕಿಟಕಿ ಬದಲಿಸುವುದಕ್ಕೆ ಮನೆಯ ಮಾಡನ್ನೇ ಇಳಿಸುವ ಅಗತ್ಯವಿಲ್ಲ. ಆದರೆ ಹೊಸದರಲ್ಲಿ ಉಳಿಸಿದ ಕಡತವನ್ನು ಹಳೆಯದು ಮೊದಲಿನಂತೆಯೇ ತೆರೆಯುತ್ತದೆಂಬ ಭರವಸೆ ಇಟ್ಟುಕೊಳ್ಳಬೇಡಿ, ಪ್ರತಿ ಮಾಡಿಟ್ಟುಕೊಂಡು ತೆರೆಯಿರಿ. ಎರಡನೆಯ ಪ್ರಶ್ನೆಗೆ ಸಾಗರದ ಮೇಷ್ಟ್ರು ಉತ್ತರ ಹೇಳಲಿ ಎಂದು ಕಾಯುತ್ತಿದ್ದೇನೆ.

ಗುಡ್ಡೇಮನೆ, ಸಾಗರ | 14 ಏಪ್ರಿಲ್ 2024

ಕಾಯಿಸಿದ್ದಕ್ಕೆ ಕ್ಷಮಿಸಿ, ತೋಟದಲ್ಲಿದ್ದೆ. ನಿವೃತ್ತನಾದ ಮೇಲೆ ಇಪ್ಪತ್ತು ಸಲವಾದರೂ ಬೀಟಾ ಹಾಕಿರುವ ನಾನು ಉಳಿದವರ ಎಚ್ಚರಿಕೆಯನ್ನು ಒಪ್ಪಿಕೊಂಡೇ ಇನ್ನೊಂದು ಪಕ್ಷವನ್ನು ವಾದಿಸುತ್ತೇನೆ.

ದುರ್ಗಿಗುಡಿಯವರು ಎಕ್ಸ್‌ಝಡ್ ಪ್ರಕರಣದ ಅರ್ಧವನ್ನು ಹೇಳಿದರು. ಉಳಿದರ್ಧವೆಂದರೆ, ಆ ಹಿಂಬಾಗಿಲನ್ನು ಕಂಡುಹಿಡಿದದ್ದು ಡೆಬಿಯನ್ನಿನ ಅಸ್ಥಿರ ಶಾಖೆಯನ್ನು ಬಳಸುತ್ತಿದ್ದವರೇ. ಮೈಕ್ರೋಸಾಫ್ಟಿನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೇರೇನನ್ನೋ ಅಳೆಯುತ್ತಿದ್ದಾಗ, ದೂರದಿಂದ ಲಾಗಿನ್ ಆಗುವುದಕ್ಕೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಅದರ ಜಾಡು ಹಿಡಿದು ಹೋದರು. ಅವರೂ ಸ್ಥಿರ ಆವೃತ್ತಿ ಬರಲಿ ಎಂದು ಕಾದು ಕೂತಿದ್ದರೆ ಆ ವಿಷ ಎಲ್ಲರ ತಟ್ಟೆಗೂ ಬೀಳುತ್ತಿತ್ತು.

ಈಗ ಕನ್ನಡಕ್ಕೆ ಬರುತ್ತೇನೆ. ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಕೂತು ಉಬುಂಟು ಕಟ್ಟುವವರು ವೈಫೈ ಪರೀಕ್ಷಿಸುತ್ತಾರೆ, ಧ್ವನಿ ಪರೀಕ್ಷಿಸುತ್ತಾರೆ, ಆದರೆ ‘ರ‍್ಯಾಂಕ್’ ಎಂಬ ಪದ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಆ ಪದದಲ್ಲಿ ರಕಾರಕ್ಕೂ ಒತ್ತಿಗೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಕೂರಬೇಕು. ಕೂರದಿದ್ದರೆ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹಾರಿ ಪದ ‘ರ್ಯಾಂಕ್’ ಆಗುತ್ತದೆ. ಫಾಂಟು, ಅಕ್ಷರಗಳನ್ನು ಜೋಡಿಸುವ ಎಂಜಿನ್, ಬರೆಯುವ ತಂತ್ರಾಂಶ ಮತ್ತು ಪಿಡಿಎಫ್ ಮಾಡುವ ಘಟಕ, ಈ ನಾಲ್ಕರಲ್ಲಿ ಯಾವುದು ಬದಲಾದರೂ ಇಂಥದ್ದು ಕೆಡಬಹುದು, ಹೊಸ ಆವೃತ್ತಿಯಲ್ಲಿ ನಾಲ್ಕೂ ಒಟ್ಟಿಗೇ ಬದಲಾಗಿರುತ್ತವೆ.

ಅದಕ್ಕಾಗಿ ನಾನೊಂದು ಪರೀಕ್ಷಾ ಹಾಳೆಯನ್ನು ಇಟ್ಟುಕೊಂಡಿದ್ದೇನೆ. ಹದಿನಾಲ್ಕು ಸಾಲು. ಅದರಲ್ಲಿ ಸೂರ್ಯ, ಕಾರ್ಯ, ಧರ್ಮ ಎಂಬ ಅರ್ಕಾವತ್ತಿನ ಪದಗಳು, ಸ್ತ್ರೀ, ರಾಷ್ಟ್ರ, ಲಕ್ಷ್ಮೀ ಎಂಬ ಒತ್ತಿಗೆ ಒತ್ತು ಬೀಳುವ ಪದಗಳು, ಕೊ, ಕೋ ಎಂಬ ಎರಡು ಮೂರು ತುಂಡುಗಳಿಂದಾಗುವ ಸ್ವರಚಿಹ್ನೆಗಳು, ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತು ಆಗದಂತೆ ತಡೆಯುವ ಗುರುತು, ಹಳಗನ್ನಡದ ಱ ಮತ್ತು ೞ, ಕನ್ನಡ ಅಂಕಿಗಳು. ಹೊಸ ವ್ಯವಸ್ಥೆಯಲ್ಲಿ ಆ ಹಾಳೆಯನ್ನು ತೆರೆದು, ಪಿಡಿಎಫ್ ಮಾಡಿ, ಮುದ್ರಿಸಿ, ಹಳೆಯ ಮುದ್ರಣದ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಸಾಲು ಸರಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಹಾಳೆಯನ್ನು ಇದರ ಜೊತೆ ಲಗತ್ತಿಸಿದ್ದೇನೆ, ಯಾರು ಬೇಕಾದರೂ ಬಳಸಬಹುದು.

ಹಾಗಾಗಿ ಅಚ್ಚುಮೊಳೆಯವರೆ, ಬೀಟಾವನ್ನು ಹಾಕಬೇಡಿ, ಆದರೆ ಓಡಿಸಿ ನೋಡಿ. ಪೆನ್‌ಡ್ರೈವಿನಿಂದಲೇ ಪ್ರಾರಂಭಿಸಿ ‘ಹಾಕದೆ ಬಳಸಿ ನೋಡುತ್ತೇನೆ’ ಎಂಬುದನ್ನು ಆರಿಸಿಕೊಂಡರೆ ಡಿಸ್ಕಿನ ಒಂದಕ್ಷರವೂ ಅಲುಗುವುದಿಲ್ಲ. ನಿಮಗಿರುವ ಪ್ರಿಂಟರು, ನೀವು ಕೂಡಿಸುವ ಬಗೆಯ ಪುಟ ನನ್ನಲ್ಲಿಲ್ಲ, ಹೊಸನಗರದವರಲ್ಲೂ ಇಲ್ಲ. ಅದನ್ನು ನೀವೇ ನೋಡಬೇಕು.

ಹಾಳೆಟೋಪಿ, ಕೊಪ್ಪ | 14 ಏಪ್ರಿಲ್ 2024

ಮೇಷ್ಟ್ರೇ, ತತ್ವವಾಗಿ ಒಪ್ಪಿದೆ. ಆದರೆ ಪೆನ್‌ಡ್ರೈವಿನಿಂದ ಓಡಿಸುವಾಗ ಕಾಣದ ತೊಂದರೆಗಳು ಡಿಸ್ಕಿಗೆ ಹಾಕಿ ಹದಿನೈದು ದಿನ ಬಳಸಿದ ಮೇಲೆ ಕಾಣುತ್ತವೆ. ನನ್ನ ಟೋಕನ್ನಿನ ಕಥೆಯೂ ಹಾಗೆಯೇ ಆದದ್ದು. ಮೊದಲ ದಿನ ಅದು ನಡೆದಿತ್ತು.

ದುರ್ಗಿಗುಡಿ, ಶಿವಮೊಗ್ಗ | 14 ಏಪ್ರಿಲ್ 2024

ಕೊಪ್ಪದವರ ಆಕ್ಷೇಪಕ್ಕೆ ಎರಡನೆಯ ಡಿಸ್ಕು ಉತ್ತರ. 240 ಜಿಬಿಯ ಎಸ್‌ಎಸ್‌ಡಿ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಹಳೆಯ ಡಿಸ್ಕಿನ ಎರಡೂ ಕೇಬಲ್ ಕಿತ್ತು, ಹೊಸದಕ್ಕೆ ಸಿಕ್ಕಿಸಿ, ಅದರ ಮೇಲೆ ಹಾಕಿಕೊಳ್ಳಿ. ಎರಡೂ ಡಿಸ್ಕುಗಳನ್ನು ಒಟ್ಟಿಗೆ ಜೋಡಿಸಿಟ್ಟು ಹಾಕಬೇಡಿ, ಏಕೆಂದರೆ ಯಂತ್ರ ಆನ್ ಆದಾಗ ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರ್ ಹೊಸ ಡಿಸ್ಕಿನ ಬದಲು ಹಳೆಯದರ ಮೇಲೆ ಹೋಗಿ ಕೂತ ಉದಾಹರಣೆಗಳಿವೆ. ಕೇಬಲ್ ಕಿತ್ತಿದ್ದರೆ ಅಂಥ ಪ್ರಶ್ನೆಯೇ ಬರುವುದಿಲ್ಲ. ಕೆಲಸದ ದಿನ ಹಳೆಯದು, ಭಾನುವಾರ ಹೊಸದು.

ಒಂದು ಎಚ್ಚರಿಕೆ. ಎರಡಕ್ಕೂ ಒಂದೇ ಹೋಮ್ ಫೋಲ್ಡರ್ (ನಿಮ್ಮ ಕಡತ, ಸೆಟ್ಟಿಂಗುಗಳಿರುವ ಜಾಗ) ಇಟ್ಟುಕೊಳ್ಳುವ ಬುದ್ಧಿವಂತಿಕೆ ಬೇಡ. ಹೊಸ ಫೈರ್‌ಫಾಕ್ಸ್ ಒಮ್ಮೆ ಮುಟ್ಟಿದ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸ್ ತೆರೆಯಲು ಒಪ್ಪುವುದಿಲ್ಲ, ಹೊಸದೊಂದನ್ನು ಮಾಡಿಕೊಳ್ಳಿ ಎನ್ನುತ್ತದೆ. 67ನೆಯ ಆವೃತ್ತಿಯಿಂದ ಹೀಗಿದೆ. ಥಂಡರ್‌ಬರ್ಡ್ ಕೂಡ ಹಾಗೆಯೇ. ವ್ಯವಸ್ಥೆಯ ಪ್ರತಿ ಇಟ್ಟುಕೊಳ್ಳುವ ಟೈಮ್‌ಶಿಫ್ಟ್ ಇದೆಯಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ, ಆದರೆ ನೀವಾಗಿ ಹೇಳದ ಹೊರತು ಅದು ಹೋಮ್ ಫೋಲ್ಡರಿನ ಪ್ರತಿ ಇಡುವುದಿಲ್ಲ. ಗಿರಾಕಿಯ ಮ್ಯಾಟರ್ ಇರುವುದು ಅಲ್ಲೇ.

ಅಚ್ಚುಮೊಳೆ, ತೀರ್ಥಹಳ್ಳಿ | 21 ಏಪ್ರಿಲ್ 2024

ಇಂದು ಭಾನುವಾರ, ಮಧ್ಯಾಹ್ನದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಪೆನ್‌ಡ್ರೈವಿನಿಂದ ಓಡಿಸಿ ನೋಡಿದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಮೇಷ್ಟ್ರ ಹಾಳೆ ಹದಿನಾಲ್ಕು ಸಾಲೂ ಸರಿಯಾಗಿ ಮೂಡಿತು. ಸಂತೋಷವಾಗಿ, ನಿನ್ನೆ ತಾನೆ ಮುಗಿಸಿದ್ದ ಲಗ್ನಪತ್ರಿಕೆಯೊಂದನ್ನು ತೆರೆದೆ. ಮೊದಲ ನೋಟಕ್ಕೆ ಎಲ್ಲ ಸರಿಯಿತ್ತು. ಪ್ರೂಫ್ ತೆಗೆದು ನೋಡಿದಾಗ ‘ಚಿ॥ ರಾ॥’ ಮತ್ತು ‘ಚಿ॥ ಸೌ॥’ ಎಂಬ ಕಡೆ ಅಕ್ಷರ ದಪ್ಪಗಿದ್ದು, ಅದರ ಪಕ್ಕದ ಜೋಡಿ ಗೆರೆ ಮಾತ್ರ ಕೂದಲಿನಷ್ಟು ತೆಳ್ಳಗೆ, ಸ್ವಲ್ಪ ಮೇಲಕ್ಕೆ ಎದ್ದು ನಿಂತಿತ್ತು. ಹಳೆಯ ಮುದ್ರಣದಲ್ಲಿ ಗೆರೆ ಅಕ್ಷರದಷ್ಟೇ ದಪ್ಪವಾಗಿ ಸಮಕ್ಕೆ ಇತ್ತು. ವರನ ತಂದೆ ಇದನ್ನು ಗಮನಿಸುತ್ತಾರೋ ಇಲ್ಲವೋ, ಐನೂರು ಕಾರ್ಡು ಮುದ್ರಿಸಿದ ಮೇಲೆ ನನ್ನ ಕಣ್ಣಿಗೆ ಅದು ಬಿದ್ದಿದ್ದರೆ ನಾನಂತೂ ಅಂದು ಊಟ ಮಾಡುತ್ತಿರಲಿಲ್ಲ. ಕಡತ ಒಂದೇ, ಫಾಂಟೂ ಒಂದೇ. ಇದು ಹೇಗೆ?

ಎರಡನೆಯದು ಪ್ರಿಂಟರಿನದ್ದು. ಸಾಮಾನ್ಯ ಟ್ರೇಯಿಂದ ಎ4 ಹಾಳೆ ಸರಿಯಾಗಿ ಬಂತು. ಕಾರ್ಡು ಹಾಕುವ ಮ್ಯಾನ್ಯುಯಲ್ ಟ್ರೇಯಿಂದ ಮುದ್ರಿಸಿದರೆ ಇಡೀ ಪುಟ ಎಡಕ್ಕೆ ನಾಲ್ಕು ಮಿಲಿಮೀಟರ್ ಸರಿಯುತ್ತದೆ. ಡ್ರೈವರ್ ತಯಾರಕರದ್ದೇ, 22.04ಕ್ಕೆ ಹಾಕಿದ್ದೇ ಕಡತ.

ಗುಡ್ಡೇಮನೆ, ಸಾಗರ | 21 ಏಪ್ರಿಲ್ 2024

ನನ್ನ ಹಾಳೆಯಲ್ಲಿ ‘ಚಿ॥’ ಇಲ್ಲದ್ದು ನನ್ನ ದೋಷ. ನನ್ನ ಮನೆಯಲ್ಲಿ ಈಚೆಗೆ ಮದುವೆಗಳಾಗಿಲ್ಲ.

ಕಾರಣ ಇದಿರಬೇಕು. ಯೂನಿಕೋಡಿನಲ್ಲಿ ಕನ್ನಡದ ವಿಭಾಗಕ್ಕೆ ತನ್ನದೇ ಆದ ದಂಡ, ಎಂದರೆ ಆ ನಿಂತ ಗೆರೆ, ಇಲ್ಲ. ಒಂಟಿ ದಂಡ, ಜೋಡಿ ದಂಡ ಎರಡೂ ದೇವನಾಗರಿಯ ವಿಭಾಗದಲ್ಲಿವೆ, ಭಾರತದ ಉಳಿದ ಬಹುತೇಕ ಲಿಪಿಗಳೂ ಅವನ್ನೇ ಎರವಲು ಪಡೆಯಬೇಕೆಂಬುದು ನಿಯಮ. ಕನ್ನಡ ಫಾಂಟು ಮಾಡಿದವರು ಆ ಎರಡು ಗುರುತುಗಳನ್ನೂ ಸೇರಿಸಿದ್ದರೆ ತೊಂದರೆಯಿಲ್ಲ. ಸೇರಿಸದಿದ್ದರೆ ವ್ಯವಸ್ಥೆಯು ಅದಷ್ಟನ್ನು ಬೇರೆ ಫಾಂಟಿನಿಂದ ತಂದು ಅಂಟಿಸುತ್ತದೆ. ಯಾವ ಫಾಂಟಿನಿಂದ ಎಂಬುದು ಆಯಾ ಯಂತ್ರದಲ್ಲಿ ಏನೇನಿದೆ, ಯಾವುದಕ್ಕೆ ಆದ್ಯತೆಯಿದೆ ಎಂಬುದರ ಮೇಲೆ ನಿಂತಿದೆ. 22.04ರಲ್ಲಿ ನಿಮ್ಮ ಅದೃಷ್ಟಕ್ಕೆ ದಪ್ಪ ಹೊಂದುವ ಫಾಂಟು ಸಿಕ್ಕಿತ್ತು, ಪೆನ್‌ಡ್ರೈವಿನ ವ್ಯವಸ್ಥೆಯಲ್ಲಿ ಸಿಕ್ಕಿಲ್ಲ. ಅಂದರೆ ಇದು ಬೀಟಾದ ದೋಷವಲ್ಲ, ಮೊದಲಿನಿಂದ ಇದ್ದದ್ದನ್ನು ಅದು ತೋರಿಸಿಕೊಟ್ಟಿತು. ದಂಡ ಇರುವ ಫಾಂಟೊಂದನ್ನು ನೀವೇ ಆರಿಸಿ, ಆ ಗುರುತಿಗೆ ಕೈಯಾರೆ ಹಚ್ಚಿ, ಒಂದು ಶೈಲಿಯಾಗಿ ಉಳಿಸಿಟ್ಟುಕೊಂಡರೆ ಯಾವ ಯಂತ್ರದಲ್ಲೂ ಸರಿಯಾಗಿ ಬರುತ್ತದೆ.

ಕುಂಭದ್ರೋಣ, ಹೊಸನಗರ | 22 ಏಪ್ರಿಲ್ 2024

ಮ್ಯಾನ್ಯುಯಲ್ ಟ್ರೇಯ ವಿಷಯವನ್ನು ಉಬುಂಟುವಿನ ದೋಷಗಳನ್ನು ದಾಖಲಿಸುವ ಲಾಂಚ್‌ಪ್ಯಾಡ್ ತಾಣದಲ್ಲಿ ದೋಷವರದಿಯಾಗಿ ಬರೆಯೋಣ. ಅಚ್ಚುಮೊಳೆಯವರೆ, ಎರಡು ಫೋಟೊ ಕಳಿಸಿ: ಅಡಿಪಟ್ಟಿಯನ್ನು ಹಾಳೆಯ ಅಂಚಿಗಿಟ್ಟು 22.04ರದ್ದೊಂದು, ಬೀಟಾದ್ದೊಂದು. ‘ಪ್ರಿಂಟ್ ಸರಿಬರುತ್ತಿಲ್ಲ’ ಎಂದರೆ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ‘ಈ ಟ್ರೇಯಿಂದ, ಈ ಅಳತೆಗೆ, ಎಡಕ್ಕೆ ನಾಲ್ಕು ಮಿಲಿಮೀಟರ್’ ಎಂದರೆ ನೋಡುತ್ತಾರೆ. ಇಂಗ್ಲಿಷಿನಲ್ಲಿ ನಾನು ಬರೆದುಕೊಡುತ್ತೇನೆ. ಅದೇ ಪ್ರಿಂಟರು ಇರುವವರು ‘ಇದು ನನಗೂ ಬಾಧಿಸುತ್ತದೆ’ ಎಂಬುದನ್ನು ಒತ್ತಿ. ಹಾಳೆಟೋಪಿಯವರು ಹೇಳಿದ 1809ರ ವರದಿಗಳಿಗೆ ಆದ ಗತಿ ಇದಕ್ಕೂ ಆಗಬಾರದು.

ಹಾಳೆಟೋಪಿ, ಕೊಪ್ಪ | 22 ಏಪ್ರಿಲ್ 2024

ಒತ್ತಿದ್ದೇನೆ. ನಮ್ಮ ಕಚೇರಿಯಲ್ಲೂ ಅದೇ ಪ್ರಿಂಟರು ಇದೆ. ಆದರೆ ಬೀಟಾ ಮಾತ್ರ ನಾನು ಹಾಕುವವನಲ್ಲ.

ಅಚ್ಚುಮೊಳೆ, ತೀರ್ಥಹಳ್ಳಿ | 19 ಮೇ 2024

ಮತದಾನ ಮುಗಿದ ಮೇಲಿನ ಭಾನುವಾರ ಹೊಸ ಎಸ್‌ಎಸ್‌ಡಿ ಸಿಕ್ಕಿಸಿ 24.04ರ ಅಂತಿಮ ಆವೃತ್ತಿಯನ್ನೇ ಹಾಕಿದೆ. ಅಷ್ಟರಲ್ಲಿ ಬೀಟಾ ಪೆನ್‌ಡ್ರೈವ್ ಹಳತಾಗಿತ್ತು. ಅಕ್ಕನ ಮಗನಿಂದ ಮತ್ತೊಮ್ಮೆ ಆರು ಜಿಬಿ ತರಿಸಿಕೊಳ್ಳಬೇಕಾಯಿತು. ಒಂದು ವಾರ ಸಂಜೆಗಳಲ್ಲಿ ಬಳಸಿದ್ದೇನೆ. ದಂಡಕ್ಕೆ ಮೇಷ್ಟ್ರು ಹೇಳಿದಂತೆ ಶೈಲಿ ಮಾಡಿಟ್ಟುಕೊಂಡೆ, ಈಗ ಎರಡೂ ಡಿಸ್ಕಿನಲ್ಲಿ ಒಂದೇ ಥರ ಬರುತ್ತದೆ. ಸ್ಕ್ರೈಬಸ್ಸನ್ನು ಏಪ್ರಿಲ್‌ನಲ್ಲೇ ಆ್ಯಪ್‌ಇಮೇಜಿನಿಂದ 22.04ರ ಮೇಲೆ ಓಡಿಸಲು ಪ್ರಾರಂಭಿಸಿದ್ದರಿಂದ ಹೊಸ ವ್ಯವಸ್ಥೆಯ ಆತುರವೂ ಕಡಿಮೆಯಾಗಿದೆ. ಮ್ಯಾನ್ಯುಯಲ್ ಟ್ರೇ ಇನ್ನೂ ನಾಲ್ಕು ಮಿಲಿಮೀಟರ್ ಸರಿಯುತ್ತಿದೆ. ಕಾರ್ಡಿನ ಕೆಲಸ ಬಂದ ದಿನ ಹಳೆಯ ಡಿಸ್ಕಿಗೆ ಕೇಬಲ್ ಬದಲಿಸುತ್ತೇನೆ. ಕ್ಯಾಬಿನೆಟ್ಟಿನ ಬಾಗಿಲಿಗೆ ಸ್ಕ್ರೂ ಹಾಕುವುದನ್ನೇ ಬಿಟ್ಟಿದ್ದೇನೆ.

ಕುಂಭದ್ರೋಣ, ಹೊಸನಗರ | 14 ಸೆಪ್ಟೆಂಬರ್ 2024

ಹಳೆಯ ಚರ್ಚೆಯನ್ನು ಎಬ್ಬಿಸುತ್ತಿರುವುದಕ್ಕೆ ಕ್ಷಮೆಯಿರಲಿ, ಆದರೆ ಈ ಸಂಗತಿ ಇಲ್ಲಿಗೇ ಸೇರಬೇಕಾದದ್ದು. 22.04ರಲ್ಲಿ ಇರುವವರಿಗೆ ಏರಿಕೆಯ ಸೂಚನೆ ಬರುವುದು 24.04ರ ಮೊದಲ ಪರಿಷ್ಕರಣೆಯಾದ 24.04.1 ಬಂದ ಮೇಲೆ. ಅದು ಆಗಸ್ಟ್ 15ಕ್ಕೆ ಬರಬೇಕಿದ್ದು 29ಕ್ಕೆ ಬಂತು. ಬಂದ ಕೆಲವೇ ದಿನದಲ್ಲಿ ಏರಿಸುವ ತಂತ್ರಾಂಶದಲ್ಲೇ ಗಂಭೀರ ದೋಷ ಕಂಡು, 22.04ರಿಂದ ಏರುವ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚಿದರು. ಬೀಟಾ ದಾಟಿ ನಾಲ್ಕು ತಿಂಗಳ ಮೇಲಿನ ಮಾತು ಇದು. ಕೊಪ್ಪದವರು ಇದನ್ನು ಓದಿ ನಗುತ್ತಿರಬಹುದು.

ಹಾಳೆಟೋಪಿ, ಕೊಪ್ಪ | 14 ಸೆಪ್ಟೆಂಬರ್ 2024

ನಗುತ್ತಿಲ್ಲ. ನಾನು 22.04ರಲ್ಲೇ ಇದ್ದೇನೆ, 20ನೆಯ ತಾರೀಖು ಹತ್ತಿರ ಬಂತು.

ಅಚ್ಚುಮೊಳೆ, ತೀರ್ಥಹಳ್ಳಿ | 15 ಸೆಪ್ಟೆಂಬರ್ 2024

ಚೌತಿಯ ಪೆಂಡಾಲಿನ ರಸೀದಿ ಪುಸ್ತಕಗಳು, ಆಹ್ವಾನಪತ್ರಿಕೆಗಳು ಮುಗಿದವು, ಈಗಷ್ಟೇ ಬಿಡುವಾಗಿದೆ. ಟ್ರೇಗೆ ಪ್ರಿಂಟರ್ ತಯಾರಕರಿಂದ ಇನ್ನೂ ಹೊಸ ಡ್ರೈವರ್ ಬಂದಿಲ್ಲ. ಹಳೆಯ ಡಿಸ್ಕಿನ ಮೇಲೆ ‘ಕಾರ್ಡಿಗೆ’ ಎಂದು ಚೀಟಿ ಅಂಟಿಸಿದ್ದೇನೆ, ಹೊಸದರ ಮೇಲೆ ‘ಪುಸ್ತಕಕ್ಕೆ’ ಎಂದು. ಉಳಿದಂತೆ ವಿಶೇಷವೇನಿಲ್ಲ.

ಮೇಷ್ಟ್ರೇ, ‘ಚಿ॥’ ಸೇರಿಸಿದ ನಿಮ್ಮ ಹೊಸ ಪರೀಕ್ಷಾ ಹಾಳೆ ತಲುಪಿತು, ಎರಡೂ ಡಿಸ್ಕಿನಲ್ಲಿ ಮುದ್ರಿಸಿ ನೋಡಿದೆ, ಹದಿನೈದು ಸಾಲೂ ಸರಿಯಾಗಿ ಮೂಡಿವೆ. ಹನ್ನೊಂದನೆಯ ಸಾಲಿನಲ್ಲಿ ‘ವೈಶಿಷ್ಠ್ಯ’ ಎಂದಿದೆ. ಅದು ‘ವೈಶಿಷ್ಟ್ಯ’ ಆಗಬೇಕಲ್ಲವೆ?